ಗಿನಿ ಕೋಳಿ ಮೊಟ್ಟೆ, ಮನೆಯ ಇನ್‌ಕ್ಯುಬೇಟರ್, ಕಾಸರಗೋಡಿನ ಹವೆ: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಕುಂಬಳೆಯಿಂದ ಮುಳ್ಳೇರಿಯದವರೆಗೆ, ಪೆರ್ಲದಿಂದ ಮಂಜೇಶ್ವರದವರೆಗೆ ಯಾರೇ ಹೊಸದಾಗಿ ಇನ್‌ಕ್ಯುಬೇಟರ್, ಅಂದರೆ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ, ತಂದರೂ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಹೊರಗಿನ ವೀಡಿಯೊ ನೋಡಿ ಕಲಿತವರಿಗೆ ನಮ್ಮ ಕರಾವಳಿಯ ಹವೆಯಲ್ಲಿ ಒಂದು ವಿಷಯ ಮಾತ್ರ ಪದೇ ಪದೇ ಕೈಕೊಡುತ್ತದೆ, ಅದು ನೀರು. ಹಾಗಾಗಿ ತೇವದ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ ಇದೆ, ಅದನ್ನು ಮಾತ್ರ ಹಾರಿಸಬೇಡಿ.

ಮೊಟ್ಟೆ ಎಷ್ಟು ದಿನಕ್ಕೆ ಒಡೆಯುತ್ತದೆ?

26ರಿಂದ 28 ದಿನ. ಊರ ಕೋಳಿಯ 21 ದಿನದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮೊಟ್ಟೆಯನ್ನು ಪೆಟ್ಟಿಗೆಯೊಳಗೆ ಇಟ್ಟ ದಿನವನ್ನು ಸೊನ್ನೆ ಅಂತ ಹಿಡಿಯಿರಿ, ಮಾರನೇ ದಿನ ಅದೇ ಹೊತ್ತಿಗೆ ಒಂದು ದಿನ ಆಯಿತು. ತಾರೀಕನ್ನು ಪೆಟ್ಟಿಗೆಯ ಮುಚ್ಚಳದ ಮೇಲೆಯೇ ಬರೆದಿಡಿ, ನೆನಪಿನ ಮೇಲೆ ಬಿಡಬೇಡಿ.

ಊರ ಕೋಳಿಯ ಅಡಿಯಲ್ಲಿ ಇಟ್ಟರೆ ಆಗುವುದಿಲ್ವಾ? ಇಷ್ಟೆಲ್ಲ ಯಾಕೆ?

ಖಂಡಿತ ಆಗುತ್ತದೆ. ಕಾವು ಕೂತ ಒಳ್ಳೆ ಹೇಂಟೆ ಮನೆಯಲ್ಲಿದ್ದರೆ ನಾನು ಹೇಳುವುದು ಅದನ್ನೇ. ಒಂದು ವಾರ ಜಾಸ್ತಿ ಕೂರಬೇಕು ಅನ್ನುವುದನ್ನು ಬಿಟ್ಟರೆ ಅದಕ್ಕೆ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಮರಿಗಳನ್ನೂ ತನ್ನದೇ ಅಂತ ನೋಡಿಕೊಳ್ಳುತ್ತದೆ. ಕಷ್ಟ ಏನೆಂದರೆ ನಮಗೆ ಮೊಟ್ಟೆ ಸಿಗುವ ಹೊತ್ತಿಗೆ ಅದು ಕಾವು ಕೂರಬೇಕಲ್ಲ. ಗಿನಿ ಹೆಣ್ಣು ತಾನೇ ಕೂರುವುದೂ ಉಂಟು, ಆದರೆ ಗುಡ್ಡದ ಪೊದೆಯಲ್ಲಿ ಎಲ್ಲೋ ಕೂರುತ್ತದೆ, ಮರಿ ಒಡೆದ ಕೂಡಲೇ ಒದ್ದೆ ಹುಲ್ಲಿನಲ್ಲಿ ಎಳೆದುಕೊಂಡು ಹೋಗುತ್ತದೆ, ಸಂಜೆಯೊಳಗೆ ಅರ್ಧ ಮರಿ ಚಳಿಗೆ ಸೆಟೆದಿರುತ್ತವೆ. ಮಳೆಗಾಲದಲ್ಲಂತೂ ಕೇಳುವುದೇ ಬೇಡ.

ಯಾವ ಜಾತಿಯದ್ದು ಒಳ್ಳೆಯದು?

ಉತ್ತರ ಪ್ರದೇಶದ ಬರೇಲಿ ಹತ್ತಿರ ಇಜ್ಜತ್‌ನಗರದಲ್ಲಿರುವ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ಕಾದಂಬರಿ, ಚಿತಾಂಬರಿ, ಶ್ವೇತಾಂಬರಿ ಅಂತ ಮೂರು ತಳಿ ಕೊಟ್ಟಿದೆ. ಇಲ್ಲಿ ಕೈಯಿಂದ ಕೈಗೆ ಬರುವುದು ಹೆಚ್ಚಾಗಿ ಮಿಶ್ರ, ಬೂದು ಬಣ್ಣದ ಮೇಲೆ ಬಿಳಿ ಚುಕ್ಕೆಯದ್ದು. ಮೊದಲ ಸಲಕ್ಕೆ ಬಣ್ಣದ ಹಿಂದೆ ಹೋಗಬೇಡಿ. ಹತ್ತಿರದ ಮನೆಯ ತಾಜಾ ಮೊಟ್ಟೆ, ದೂರದಿಂದ ಬಂದ ಒಳ್ಳೆ ತಳಿಯ ಮೊಟ್ಟೆಗಿಂತ ಎಷ್ಟೋ ಮೇಲು.

ಮೊಟ್ಟೆ ಆರಿಸುವುದು ಹೇಗೆ?

ಗಿನಿ ಮೊಟ್ಟೆ ಸುಮಾರು 40 ಗ್ರಾಂ ಇರುತ್ತದೆ, ಒಂದು ತುದಿ ಬುಗುರಿಯ ಹಾಗೆ ಚೂಪು, ಸಿಪ್ಪೆ ತುಂಬಾ ಗಟ್ಟಿ, ತಿಳಿ ಕಂದು ಬಣ್ಣದ ಮೇಲೆ ಸಣ್ಣ ಸಣ್ಣ ಚುಕ್ಕೆ. ಬಿರುಕು ಇದ್ದದ್ದು, ತೀರಾ ಉರುಟಾದದ್ದು, ತೀರಾ ಸಣ್ಣದು ಬೇಡ. ಎರಡು ಮೊಟ್ಟೆಯನ್ನು ಮೆಲ್ಲಗೆ ಒಂದಕ್ಕೊಂದು ತಾಗಿಸಿ ನೋಡಿ, ಬಿರುಕಿದ್ದರೆ ಶಬ್ದದಲ್ಲೇ ಗೊತ್ತಾಗುತ್ತದೆ.

ತೊಳೆಯಬೇಡಿ. ತೊಳೆದರೆ ಸಿಪ್ಪೆಯ ಮೇಲಿನ ಕಾಪಿನ ಪದರ ಹೋಗುತ್ತದೆ, ಕೊಳೆ ರಂಧ್ರದ ಮೂಲಕ ಒಳಗೆ ಇಳಿಯುತ್ತದೆ. ಒಣ ಮಣ್ಣಿದ್ದರೆ ಬಟ್ಟೆಯಲ್ಲಿ ಉಜ್ಜಿ ತೆಗೆಯಿರಿ. ಕೆಸರು ಮೆತ್ತಿದ್ದನ್ನು ಅಡುಗೆಮನೆಗೆ ಕೊಡಿ.

ಮೊಟ್ಟೆ ಫಲವಾಗಿದೆಯಾ ಅಂತ ಹೊರಗಿನಿಂದ ನೋಡಿ ಹೇಳಲು ಯಾರಿಗೂ ಆಗುವುದಿಲ್ಲ. ನೀರಿನಲ್ಲಿ ತೇಲಿಸಿ ನೋಡುವುದು ಸುಮ್ನೆ. ಆದರೆ ಒಂದು ದಾರಿ ಇದೆ: ಅದೇ ಮನೆಯ ಒಂದೆರಡು ಮೊಟ್ಟೆ ಆಮ್ಲೆಟ್‌ಗೆ ಒಡೆಯುವಾಗ ಹಳದಿಯ ಮೇಲಿನ ಬಿಳಿ ಚುಕ್ಕೆಯನ್ನು ನೋಡಿ. ಬರೀ ಒಂದು ಗಟ್ಟಿ ಬಿಳಿ ಬೊಟ್ಟು ಇದ್ದರೆ ಗಂಡು ಸೇರಿಲ್ಲ. ಬೊಟ್ಟಿನ ಸುತ್ತ ತಿಳಿಯಾದ ಬಳೆಯ ಹಾಗೆ ಕಂಡರೆ ಸೇರಿದೆ. ನಾಲ್ಕೈದು ಹೆಣ್ಣಿಗೆ ಒಂದು ಗಂಡು ಇರುವ ಮನೆಯದ್ದಾದರೆ ನಂಬಬಹುದು.

ಗೇರು ತೋಪಿನ ಪೊದೆಯಲ್ಲಿ ಒಂದು ರಾಶಿ ಮೊಟ್ಟೆ ಸಿಕ್ಕಿತು. ಎಲ್ಲ ಇಡಬಹುದಾ?

ಗಿನಿಗಳು ಕದ್ದು ಇಡುತ್ತವೆ, ಎರಡು ಮೂರು ಹೆಣ್ಣು ಒಂದೇ ಗುಂಡಿಯಲ್ಲಿ ಇಡುವುದೂ ಉಂಟು. ರಾಶಿ ಸಿಕ್ಕಿತು ಅಂದರೆ ಅದರಲ್ಲಿ ನಿನ್ನೆಯದ್ದೂ ಇರುತ್ತದೆ, ಮೂರು ವಾರದ ಹಿಂದಿನದ್ದೂ ಇರುತ್ತದೆ. ಎಲ್ಲ ಒಟ್ಟಿಗೆ ಇಟ್ಟರೆ ಹಳೆಯದು ಒಳಗೇ ಕೊಳೆತು ಒಡೆದು ಉಳಿದದ್ದನ್ನೂ ಕೆಡಿಸುತ್ತದೆ. ಆ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮತ್ತೆ ಆ ಸಾಹಸಕ್ಕೆ ಯಾರೂ ಹೋಗುವುದಿಲ್ಲ. ಅದರ ಬದಲು ನಾಲ್ಕು ಮೊಟ್ಟೆಗೆ ಪೆನ್ಸಿಲಿನಲ್ಲಿ ಗುರುತು ಹಾಕಿ ಅಲ್ಲೇ ಬಿಡಿ, ಉಳಿದದ್ದು ತೆಗೆಯಿರಿ. ನಾಳೆಯಿಂದ ಗುರುತಿಲ್ಲದ್ದೆಲ್ಲ ಹೊಸ ಮೊಟ್ಟೆ. ಗುಂಡಿ ಪೂರಾ ಖಾಲಿ ಮಾಡಿದರೆ ಅವು ಜಾಗ ಬದಲಿಸುತ್ತವೆ, ಮತ್ತೆ ಹುಡುಕುವ ಕೆಲಸ ನಿಮ್ಮದೇ.

ಎಷ್ಟು ದಿನ ಕೂಡಿಡಬಹುದು?

ಒಂದು ವಾರ ಅಂತ ಎಲ್ಲರೂ ಹೇಳುತ್ತಾರೆ. ಆ ಲೆಕ್ಕ 15ರಿಂದ 18 ಡಿಗ್ರಿ ಇರುವ ತಂಪು ಕೋಣೆಗೆ. ನಮ್ಮ ಏಪ್ರಿಲ್ ತಿಂಗಳಿನಲ್ಲಿ ಅಟ್ಟದ ಕೆಳಗಿನ ಕೋಣೆ 32 ಡಿಗ್ರಿ ಇರುತ್ತದೆ. ಅಷ್ಟು ಬಿಸಿಗೆ ಒಳಗಿನ ಜೀವ ಅರೆಬರೆ ಬೆಳೆಯಲು ಶುರು ಮಾಡುತ್ತದೆ, ಆದರೆ ಪೂರಾ ಬೆಳೆಯುವಷ್ಟು ಕಾವು ಇಲ್ಲ, ಸೊರಗಿ ಸಾಯುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಮೂರು ನಾಲ್ಕು ದಿನದೊಳಗೆ ಇಟ್ಟುಬಿಡಿ.

ಜಾಸ್ತಿ ದಿನ ಬೇಕೆಂದರೆ ಮಣ್ಣಿನ ಮಡಕೆಯಲ್ಲಿ ಅರ್ಧ ಒದ್ದೆ ಹೊಯಿಗೆ ತುಂಬಿ, ಮೇಲೆ ಒಂದು ಅಡಿಕೆ ಹಾಳೆಯ ತುಂಡು ಹಾಸಿ, ಅದರ ಮೇಲೆ ಮೊಟ್ಟೆ ಚೂಪು ತುದಿ ಕೆಳಗಾಗಿ ಇಡಿ. ಮೊಟ್ಟೆಗೆ ನೀರು ತಾಗಬಾರದು. ಗಾಳಿಯಾಡುವ ನೆರಳಿನಲ್ಲಿಟ್ಟರೆ ಒಳಗೆ ಸ್ವಲ್ಪವಾದರೂ ತಂಪಾಗುತ್ತದೆ. ಫ್ರಿಜ್ ಬೇಡ, ಅದು ತೀರಾ ತಂಪು.

ಬಸ್ಸಿನಲ್ಲಿ ಬಂದ ಮೊಟ್ಟೆ ಕೂಡಲೇ ಇಡಬಹುದಾ?

ಬೇಡ. ಒಂದು ರಾತ್ರಿ ಚೂಪು ತುದಿ ಕೆಳಗೆ ಮಾಡಿ ಅಲುಗಾಡಿಸದೆ ಬಿಡಿ. ಕುಲುಕಾಟಕ್ಕೆ ಗಾಳಿಗೂಡು, ಅಂದರೆ ಅಗಲ ತುದಿಯೊಳಗೆ ಗಾಳಿ ತುಂಬಿದ ಸಣ್ಣ ಸಂದು, ಜಾಗ ಬಿಟ್ಟಿರುತ್ತದೆ, ಅದು ಮತ್ತೆ ಕೂರಬೇಕು. ಇಂಥ ಮೊಟ್ಟೆಯಲ್ಲಿ ಮರಿ ಕಡಿಮೆಯೇ ಬರುವುದು, ಮೊದಲೇ ಮನಸ್ಸಿಗೆ ಹೇಳಿಕೊಳ್ಳಿ.

ಇನ್‌ಕ್ಯುಬೇಟರ್ ಕೊಳ್ಳುವುದಾ, ಮಾಡಿಕೊಳ್ಳುವುದಾ?

ಮೀನು ತುಂಬುವ ಥರ್ಮೋಕೋಲ್ ಪೆಟ್ಟಿಗೆ, ಎರಡು ತಂತಿ ಬಲ್ಬ್, ಕಂಪ್ಯೂಟರಿನ ಹಳೆ ಫ್ಯಾನ್, ಬಿಸಿ ನೋಡಿ ಬಲ್ಬನ್ನು ತಾನಾಗಿ ಹೊತ್ತಿಸಿ ಆರಿಸುವ ಡಬ್ಲ್ಯೂ1209 ಅನ್ನುವ ಸಣ್ಣ ಥರ್ಮೋಸ್ಟಾಟ್, ಒಂದು 12 ವೋಲ್ಟ್ ಅಡಾಪ್ಟರ್. ಇಷ್ಟಿದ್ದರೆ ಆಗುತ್ತದೆ. ಪೆಟ್ಟಿಗೆಯನ್ನು ಸೋಪಿನಲ್ಲಿ ತೊಳೆದು ಎರಡು ದಿನ ಬಿಸಿಲಿಗೆ ಇಡಿ, ಮೀನಿನ ವಾಸನೆ ಇರುವೆಯನ್ನು ಕರೆಯುತ್ತದೆ. ಬಲ್ಬ್ ಒಂದರ ಬದಲು ಎರಡು ಯಾಕೆಂದರೆ ನಡುರಾತ್ರಿ ಒಂದು ಹಾರಿಹೋದರೂ ಇನ್ನೊಂದು ಇರುತ್ತದೆ. ಎಲ್‌ಇಡಿ ಬಲ್ಬ್ ಕಾಯುವುದಿಲ್ಲ, ಅದು ಇಲ್ಲಿ ಪ್ರಯೋಜನ ಇಲ್ಲ. ಬಲ್ಬಿನ ಗೆರೆ 230 ವೋಲ್ಟಿನದ್ದು, ಆ ಜೋಡಣೆಯನ್ನು ವಯರಿಂಗ್ ಗೊತ್ತಿರುವವರ ಕೈಯಲ್ಲೇ ಮಾಡಿಸಿ.

ಡಬ್ಲ್ಯೂ1209 ಹಾಕಿದವರು ಹೆಚ್ಚಾಗಿ ಮರೆಯುವುದು ಅದರ ಒಳಗಿನ ಸೆಟ್ಟಿಂಗ್. ಪಿ0 ಅನ್ನುವುದು ಎಚ್‌ನಲ್ಲಿ, ಅಂದರೆ ಬಿಸಿ ಮಾಡುವ ಕ್ರಮದಲ್ಲಿರಬೇಕು, ಇಲ್ಲದಿದ್ದರೆ ಬಿಸಿಯಾದಾಗ ಬಲ್ಬ್ ಹೊತ್ತುತ್ತದೆ. ಪಿ1 ಅಂಗಡಿಯಿಂದ ಬರುವಾಗ 2 ಡಿಗ್ರಿಯಲ್ಲಿರುತ್ತದೆ, ಅಂದರೆ ಎರಡು ಡಿಗ್ರಿ ಇಳಿಯುವವರೆಗೆ ಅದು ಸುಮ್ಮನೆ ಕೂರುತ್ತದೆ. ಅದನ್ನು 0.2 ಅಥವಾ 0.3ಕ್ಕೆ ತನ್ನಿ. ಬಹಳಷ್ಟು ಮನೆ ಪೆಟ್ಟಿಗೆಗಳ ರೋಗ ಇಷ್ಟೇ.

ಕೊಳ್ಳುವುದಾದರೆ ಫ್ಯಾನ್ ಇರುವುದನ್ನೇ ಕೊಳ್ಳಿ. ತಾನಾಗಿ ಮಗುಚುವ ಟ್ರೇ ಕೋಳಿಮೊಟ್ಟೆಯ ಅಳತೆಗೆ ಮಾಡಿದ್ದು, ಗಿನಿ ಮೊಟ್ಟೆ ಅದರಲ್ಲಿ ಸಡಿಲ ಕೂರುತ್ತದೆ, ನೋಡಿಕೊಳ್ಳಿ.

ಬಿಸಿ ಎಷ್ಟು ಇರಬೇಕು?

ಫ್ಯಾನ್ ಇದ್ದರೆ 37.5 ಡಿಗ್ರಿ. ಫ್ಯಾನ್ ಇಲ್ಲದ ಪೆಟ್ಟಿಗೆಯಲ್ಲಿ ಮೊಟ್ಟೆಯ ಮೇಲ್ಭಾಗದ ಮಟ್ಟದಲ್ಲಿ ಅಳೆದು 38.5ರ ಆಸುಪಾಸು. ಅಲ್ಲಿ ತೋರಿಸುವ ಅಂಕಿಯನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಮನೆಯಲ್ಲಿ ಜ್ವರ ನೋಡುವ ಥರ್ಮಾಮೀಟರ್ ಇದೆಯಲ್ಲ, ಅದೇ ಒಳ್ಳೆ ಸಾಕ್ಷಿ. ಮೊಟ್ಟೆಯ ಪಕ್ಕದಲ್ಲಿ ಅದನ್ನಿಟ್ಟು ಎರಡರ ವ್ಯತ್ಯಾಸ ನೋಡಿ, ಥರ್ಮೋಸ್ಟಾಟಿನ ಪಿ4ರಲ್ಲಿ ಅಷ್ಟು ಸರಿಪಡಿಸಿ. ಮೊಟ್ಟೆ ಇಡುವ ಮೊದಲು ಒಂದು ಇಡೀ ಹಗಲು ರಾತ್ರಿ ಖಾಲಿ ಪೆಟ್ಟಿಗೆ ಓಡಿಸಿ. ಮಧ್ಯಾಹ್ನದ ಸೆಕೆಗೂ ಬೆಳಗಿನ ಜಾವದ ತಂಪಿಗೂ ಅದು ಒಂದೇ ಹದದಲ್ಲಿ ನಿಲ್ಲಬೇಕು.

ಕಾವು ಸ್ವಲ್ಪ ಕಡಿಮೆಯಾದರೆ ಮರಿ ತಡವಾಗಿ ಬರುತ್ತದೆ. ಜಾಸ್ತಿಯಾದರೆ ಸಾಯುತ್ತದೆ. 40 ಡಿಗ್ರಿ ದಾಟಿ ಕೆಲವು ಗಂಟೆ ನಿಂತರೆ ಉಳಿಯುವುದು ಕಷ್ಟ.

ತೇವಕ್ಕೆ ನೀರು ಎಷ್ಟು ಇಡಬೇಕು?

ಮೊದಲ 25 ದಿನ ಶೇ. 45ರಿಂದ 50, ಕೊನೆಗೆ 65ರಿಂದ 70. ಇದು ಎಲ್ಲ ಕಡೆ ಹೇಳುವ ಅಂಕಿ. ಇದನ್ನು ಓದಿದ ಕೂಡಲೇ ಎಲ್ಲರೂ ಮಾಡುವುದು ಒಳಗೆ ಒಂದು ಬೋಗುಣಿ ನೀರು ಇಡುವುದು. ಅಲ್ಲೇ ನಮ್ಮ ಕಡೆ ಎಡವಟ್ಟಾಗುವುದು.

ಜುಲೈ ತಿಂಗಳು ಅಂತ ಇಟ್ಟುಕೊಳ್ಳಿ. ಹೊರಗೆ ಮಳೆ ಹೊಯ್ಯುತ್ತಿದೆ, ಕೋಣೆ 26 ಡಿಗ್ರಿ, ಗಾಳಿಯ ತೇವ ಶೇ. 90. ಆ ಗಾಳಿ ಪೆಟ್ಟಿಗೆಯೊಳಗೆ ಹೋಗಿ 37.5ಕ್ಕೆ ಕಾದರೆ ಅದರ ತೇವ ತಾನಾಗಿಯೇ ಶೇ. 47ರ ಹತ್ತಿರ ಬಂದು ನಿಲ್ಲುತ್ತದೆ. ಅಂದರೆ ಒಂದು ಹನಿ ನೀರೂ ಬೇಡ. ಮೇ ತಿಂಗಳಿನಲ್ಲಿ 33 ಡಿಗ್ರಿ, ಶೇ. 65 ತೇವ ಇದ್ದರೂ ಒಳಗೆ ಶೇ. 50ರ ಸುತ್ತ ಸಿಗುತ್ತದೆ. ಆಗಲೂ ಬೇಡ. ನೀರು ಬೇಕಾಗುವುದು ಡಿಸೆಂಬರ್, ಜನವರಿಯಲ್ಲಿ, ಬೆಳಿಗ್ಗೆ 22 ಡಿಗ್ರಿಗೆ ಇಳಿದು ಗಾಳಿ ಒಣಗಿದಾಗ. ಆಗ ಒಳಗೆ ಶೇ. 30ರ ಆಸುಪಾಸಿಗೆ ಬರುತ್ತದೆ, ಒಂದು ಗೆರಟೆಯಲ್ಲಿ ನೀರಿಟ್ಟರೆ ಸಾಕು.

ಗಿನಿ ಮೊಟ್ಟೆಗೆ ಇದು ಯಾಕೆ ಇನ್ನೂ ಮುಖ್ಯ ಅಂದರೆ ಅದರ ಸಿಪ್ಪೆ ಗಟ್ಟಿ, ಕೋಳಿಮೊಟ್ಟೆಗಿಂತ ನಿಧಾನವಾಗಿ ನೀರು ಬಿಡುತ್ತದೆ. ಬೆಳೆಯುವ ಹೊತ್ತಿನಲ್ಲಿ ಮೊಟ್ಟೆ ತನ್ನೊಳಗಿನ ನೀರನ್ನು ಸ್ವಲ್ಪ ಸ್ವಲ್ಪ ಕಳೆದುಕೊಳ್ಳಬೇಕು, ಆಗಲೇ ಅಗಲ ತುದಿಯ ಗಾಳಿಗೂಡು ದೊಡ್ಡದಾಗುವುದು. ಮರಿ ಮೊದಲ ಉಸಿರು ತೆಗೆಯುವುದು ಆ ಗೂಡಿನಿಂದ. ನೀರು ಹೋಗದಿದ್ದರೆ ಗೂಡು ಸಣ್ಣದು, ಮರಿ ಊದಿ ತುಂಬಿಕೊಂಡಿರುತ್ತದೆ, ಒಳಗೆ ತಿರುಗಲು ಜಾಗ ಇಲ್ಲ, ಕೊಕ್ಕು ಹಾಕಿದ ಕೂಡಲೇ ಲೋಳೆಯಲ್ಲಿ ಉಸಿರು ಕಟ್ಟುತ್ತದೆ. ಪೂರಾ ಬೆಳೆದು, ಪುಕ್ಕ ಬಂದು, ಕೊನೆ ದಿನ ಸತ್ತ ಮರಿ ನೋಡಿದವರು "ತೇವ ಸಾಲಲಿಲ್ಲ" ಅಂತ ಮುಂದಿನ ಸಲ ಇನ್ನಷ್ಟು ನೀರಿಡುತ್ತಾರೆ. ರೋಗವೂ ಅದೇ, ಮದ್ದೂ ಅದೇ ಆದರೆ ಹೇಗೆ?

ಪೆಟ್ಟಿಗೆಯ ಗಾಳಿಯ ತೂತು ಮುಚ್ಚಬೇಡಿ. ತೇವ ಅಳೆಯುವ ಮೀಟರ್ ಅಗ್ಗದ್ದಾದರೆ ಹತ್ತು ಅಂಕಿ ತಪ್ಪು ತೋರಿಸುವುದು ಮಾಮೂಲು. ಪರೀಕ್ಷೆ ಸುಲಭ: ಬಾಟಲಿಯ ಮುಚ್ಚಳದಲ್ಲಿ ಉಪ್ಪು ಹಾಕಿ, ನಾಲ್ಕು ಹನಿ ನೀರು ಬಿಟ್ಟು ಮುದ್ದೆ ಮಾಡಿ, ಮೀಟರಿನ ಜೊತೆ ಗಾಳಿಯಾಡದ ಕವರಿನಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಅದು 75 ತೋರಿಸಬೇಕು. 82 ತೋರಿಸಿದರೆ ಏಳು ಕಳೆದು ಓದಿ.

ಮೀಟರನ್ನೇ ನಂಬಲಾಗದಿದ್ದರೆ?

ತಕ್ಕಡಿ ನಂಬಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಇಡುವ ದಿನ ಇಡೀ ಟ್ರೇ ತೂಗಿ, ಟ್ರೇ ತೂಕ ಕಳೆದು ಬರೆದಿಡಿ. 25ನೇ ದಿನಕ್ಕೆ ಮೊಟ್ಟೆಗಳು ಸುಮಾರು ಶೇ. 12 ತೂಕ ಕಳೆದುಕೊಂಡಿರಬೇಕು. 20 ಮೊಟ್ಟೆ 800 ಗ್ರಾಂ ಇದ್ದರೆ ಹತ್ತನೇ ದಿನಕ್ಕೆ 762ರ ಹತ್ತಿರ, 25ನೇ ದಿನಕ್ಕೆ 704ರ ಹತ್ತಿರ. ಹತ್ತನೇ ದಿನ 780 ಇದ್ದರೆ ಒಳಗೆ ತೇವ ಜಾಸ್ತಿ, ನೀರಿದ್ದರೆ ತೆಗೆಯಿರಿ, ತೂತು ಹೆಚ್ಚಿಸಿ. ನಡುವೆ ಕೆಟ್ಟ ಮೊಟ್ಟೆ ತೆಗೆದರೆ ಅದರ ಲೆಕ್ಕ ಎರಡೂ ಕಡೆಯಿಂದ ಬಿಡಲು ಮರೆಯಬೇಡಿ. ಮಳೆಗಾಲಕ್ಕೆ ಇದಕ್ಕಿಂತ ಒಳ್ಳೆ ಉಪಾಯ ನನಗೆ ಕಂಡಿಲ್ಲ.

ದಿನಕ್ಕೆ ಎಷ್ಟು ಸಲ ಮಗುಚಬೇಕು?

ಕೈಯಲ್ಲಾದರೆ ಮೂರು ಅಥವಾ ಐದು ಸಲ. ಬೆಸ ಲೆಕ್ಕ ಯಾಕೆಂದರೆ ಉದ್ದದ ರಾತ್ರಿ ಪ್ರತಿದಿನ ಒಂದೇ ಮಗ್ಗುಲಲ್ಲಿ ಕಳೆಯಬಾರದು. ಒಂದು ಬದಿಗೆ ಗುಣಿಸು ಗುರುತು, ಇನ್ನೊಂದಕ್ಕೆ ಸೊನ್ನೆ, ಪೆನ್ಸಿಲಿನಲ್ಲಿ. 25ನೇ ದಿನ ನಿಲ್ಲಿಸಿ.

ಟಾರ್ಚಿನಲ್ಲಿ ನೋಡಿದರೆ ಏನೂ ಕಾಣುವುದಿಲ್ಲ. ಮೊಟ್ಟೆ ಹಾಳಾ?

ಆತುರ ಬೇಡ. ಕೋಳಿಮೊಟ್ಟೆಯ ಹಾಗೆ ಐದನೇ ದಿನಕ್ಕೆ ನರ ಕಾಣುವುದು ಇದರಲ್ಲಿ ಕಷ್ಟ, ಸಿಪ್ಪೆ ದಪ್ಪ, ಬಣ್ಣ ಬೇರೆ. ಹತ್ತನೇ ದಿನ ನೋಡಿ. ಮೊಬೈಲ್ ಬೆಳಕು ಸಾಲುವುದಿಲ್ಲ, ಜೋರಾದ ಎಲ್‌ಇಡಿ ಟಾರ್ಚಿನ ಬಾಯಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ, ಬೆಳಕು ಆಚೀಚೆ ಸೋರದ ಹಾಗೆ ಮೊಟ್ಟೆಯ ಅಗಲ ತುದಿಗೆ ಒತ್ತಿ ಹಿಡಿಯಿರಿ. ಕೋಣೆ ಪೂರಾ ಕತ್ತಲಿರಲಿ. ಮೇಲೆ ಗಾಳಿಗೂಡು ತಿಳಿಯಾಗಿ, ಕೆಳಗೆ ಕಪ್ಪಾಗಿ ಕಂಡರೆ ಸರಿ. ಇಡೀ ಮೊಟ್ಟೆ ಒಂದೇ ಸಮ ಬೆಳಗಿದರೆ ಖಾಲಿ. ಒಂದು ಕೆಂಪು ಬಳೆ ಮಾತ್ರ ಕಂಡರೆ ಶುರುವಿನಲ್ಲೇ ಸತ್ತಿದೆ. ಸಂಶಯ ಇದ್ದದ್ದನ್ನು ಬಿಡಿ, 18ನೇ ದಿನ ಮತ್ತೆ ನೋಡಿದರೆ ಆಯಿತು. ವಾಸನೆ ಬಂದದ್ದನ್ನು ಮಾತ್ರ ಆ ಕ್ಷಣವೇ ತೆಗೆಯಿರಿ.

ಗುಡುಗು ಬಂದು ಕರೆಂಟು ಹೋದರೆ?

ಮೊದಲನೆಯದು, ಮುಚ್ಚಳ ತೆಗೆದು ನೋಡಬೇಡಿ. ಪೆಟ್ಟಿಗೆಯ ಮೇಲೆ ಕಂಬಳಿ ಹೊದಿಸಿ, ಗಾಳಿಯ ತೂತು ಪೂರಾ ಮುಚ್ಚದ ಹಾಗೆ. ಒಂದೆರಡು ಗಂಟೆಗೆ ಏನೂ ಆಗುವುದಿಲ್ಲ, ತಾಯಿಕೋಳಿಯೂ ಮೇಯಲು ಎದ್ದು ಹೋಗುತ್ತದಲ್ಲ. ಜಾಸ್ತಿ ಹೊತ್ತಾದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಮೊಟ್ಟೆಗೆ ತಾಗದ ಹಾಗೆ ಒಳಗಿಡಿ. ಕೊನೆಯ ವಾರದಲ್ಲಿ ಮರಿಗಳೇ ಬಿಸಿ ಬಿಡುತ್ತವೆ, ಆಗ ಭಯ ಇನ್ನೂ ಕಡಿಮೆ, ಬದಲಿಗೆ ಫ್ಯಾನ್ ಇಲ್ಲದೆ ಸೆಕೆ ಏರದ ಹಾಗೆ ನೋಡಿಕೊಳ್ಳಬೇಕು. ಏಪ್ರಿಲ್, ಮೇ ಸಂಜೆಗಳಲ್ಲಿ ಸಿಡಿಲು ಇರುವ ಕಡೆಯವರು ಇನ್ವರ್ಟರ್ ಗೆರೆಗೇ ಹಾಕುವುದು ಒಳ್ಳೆಯದು. ಸಣ್ಣ ಪೆಟ್ಟಿಗೆಯ ಎರಡು ಬಲ್ಬ್ ಅದಕ್ಕೊಂದು ಭಾರ ಅಲ್ಲ.

ಊರ ಕೋಳಿ ಮೊಟ್ಟೆಯನ್ನೂ ಒಟ್ಟಿಗೆ ಇಡಬಹುದಾ?

ಇಡಬಹುದು. ಗಿನಿ ಮೊಟ್ಟೆ ಇಟ್ಟು ಆರು ದಿನ ಬಿಟ್ಟು ಕೋಳಿಮೊಟ್ಟೆ ಇಡಿ, ಎರಡೂ ಹತ್ತಿರ ಹತ್ತಿರ ಒಡೆಯುತ್ತವೆ. ಒಟ್ಟಿಗೆ ಬೆಳೆದ ಗಿನಿ ಮರಿಗಳು ಕೋಳಿಮರಿ ನೋಡಿ ಗೂಡಿಗೆ ಬರಲು ಕಲಿಯುತ್ತವೆ, ಅದೊಂದು ಲಾಭ.

ಕೊನೆಯ ಮೂರು ದಿನ ಏನು ಮಾಡಬೇಕು?

ಟ್ರೇ ತೆಗೆದು ಮೊಟ್ಟೆಗಳನ್ನು ಮಲಗಿಸಿ. ಕೆಳಗೆ ಗೋಣಿಯ ತುಂಡೋ ಒರಟು ಬಟ್ಟೆಯೋ ಹಾಸಿ. ಈಗ ನೀರು ಬೇಕು, ತೇವ 65 ದಾಟಲಿ. ನೀರಿನ ಆಳಕ್ಕಿಂತ ಅಗಲ ಮುಖ್ಯ, ಅಗಲದ ತಟ್ಟೆಯಲ್ಲಿ ಸ್ಪಂಜು ನೆನೆಸಿಟ್ಟರೆ ಬೇಗ ಏರುತ್ತದೆ. ಆಮೇಲೆ ಮುಚ್ಚಳ ಮುಚ್ಚಿ ಕೈ ಕಟ್ಟಿ ಕೂರಿ. ಮಕ್ಕಳಿಗೆ ತೋರಿಸಬೇಕೆಂದಿದ್ದರೆ ಮೊದಲೇ ಮುಚ್ಚಳದಲ್ಲಿ ಗಾಜು ಕೂರಿಸಿ.

ತೂತು ಬಿದ್ದು ಎಷ್ಟೋ ಹೊತ್ತಾಯಿತು, ಸಿಪ್ಪೆ ಬಿಡಿಸಿ ಸಹಾಯ ಮಾಡಬಹುದಾ?

ತೂತು ಬಿದ್ದ ಮೇಲೆ ಒಂದು ದಿನದವರೆಗೂ ಮರಿ ಸುಮ್ಮನಿರಬಹುದು. ಅದು ಸುಮ್ಮನಿರುವುದಲ್ಲ, ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ, ಪೊರೆಯ ರಕ್ತನಾಳ ಬತ್ತುತ್ತಿರುತ್ತದೆ. ಆಗ ಬಿಡಿಸಿದರೆ ರಕ್ತ ಸುರಿದು ಸಾಯುತ್ತದೆ. ಸುತ್ತ ಅರ್ಧ ಒಡೆದು ಬಿಟ್ಟು, ಪೊರೆ ಒಣಗಿ ಮೈಗೆ ಅಂಟಿ, ಗಂಟೆಗಟ್ಟಲೆ ಅಲ್ಲಾಡದೆ ಇದ್ದರೆ ಮಾತ್ರ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ ಪೊರೆಯನ್ನು ನೆನೆಸಿ. ಅಷ್ಟೇ ಸಾಕು.

ಒಡೆದ ಮರಿಯನ್ನು ಕೂಡಲೇ ತೆಗೆಯುವುದೂ ಬೇಡ. ಹೊಟ್ಟೆಯಲ್ಲಿ ಹಳದಿ ಇರುವುದರಿಂದ ಒಂದು ಹಗಲು ರಾತ್ರಿ ಏನೂ ತಿನ್ನದಿದ್ದರೂ ನಡೆಯುತ್ತದೆ. ಮೈ ಒಣಗಿ ತುಪ್ಪುಳವಾದ ಮೇಲೆ ಒಟ್ಟಿಗೆ ತೆಗೆಯಿರಿ.

28 ದಿನ ದಾಟಿತು, ಕೆಲವು ಒಡೆಯಲೇ ಇಲ್ಲ.

ಇನ್ನೂ ಎರಡು ದಿನ ಕಾಯಿರಿ. ಆಮೇಲೆ ಎಸೆಯುವ ಮೊದಲು ಅಂಗಳದಾಚೆ ಹೋಗಿ ಒಂದೊಂದನ್ನೇ ಒಡೆದು ನೋಡಿ. ಅಸಹ್ಯದ ಕೆಲಸ ನಿಜ, ಆದರೆ ಮುಂದಿನ ಸಲಕ್ಕೆ ಬೇಕಾದ ಪಾಠ ಅದರೊಳಗೇ ಇದೆ. ಒಳಗೆ ಬರೀ ಹಳದಿ ಇದ್ದರೆ ಗಂಡಿನ ಕೊರತೆ ಅಥವಾ ಹಳೆ ಮೊಟ್ಟೆ. ಸಣ್ಣ ರಕ್ತದ ಗುರುತು ಮಾತ್ರ ಇದ್ದರೆ ಕೂಡಿಟ್ಟದ್ದು ಜಾಸ್ತಿಯಾಯಿತು ಅಥವಾ ಮೊದಲ ವಾರ ಕಾವು ಏರಿಳಿಯಿತು. ಪೂರಾ ಮರಿ, ಸುತ್ತ ನೀರು ನೀರು ಅಂದರೆ ತೇವ ಜಾಸ್ತಿ. ಪೊರೆ ಕಾಗದದ ಹಾಗೆ ಒಣಗಿ ಅಂಟಿದ್ದರೆ ಕೊನೆ ದಿನಗಳಲ್ಲಿ ಯಾರೋ ಮುಚ್ಚಳ ತೆಗೆಯುತ್ತಾ ಇದ್ದರು. ಬದುಕಿದ ಮರಿಗಳು 25ನೇ ದಿನಕ್ಕೇ ಬಂದು ಹೊಕ್ಕುಳು ಹಸಿ ಇದ್ದರೆ ಕಾವು ಜಾಸ್ತಿ. ಮೊದಲ ಸಲ ಇಟ್ಟದ್ದರಲ್ಲಿ ಅರ್ಧ ಬಂದರೂ ಅದು ಒಳ್ಳೆಯ ಕೆಲಸವೇ.

ಮರಿಗಳನ್ನು ಮೊದಲ ವಾರ ಉಳಿಸಿಕೊಳ್ಳುವುದು ಹೇಗೆ?

ಇಲ್ಲಿ ಸಾಯುವ ಮರಿಗಳು ಹೆಚ್ಚಾಗಿ ರೋಗದಿಂದ ಸಾಯುವುದಿಲ್ಲ. ನೀರಿನ ತಟ್ಟೆಯಲ್ಲಿ ಮುಳುಗಿ ಸಾಯುತ್ತವೆ, ಜಾರುವ ನೆಲದಲ್ಲಿ ಕಾಲು ಅಗಲಿಸಿಕೊಂಡು ಸಾಯುತ್ತವೆ, ಚಳಿಗೆ ಒಂದರ ಮೇಲೊಂದು ಬಿದ್ದು ಸಾಯುತ್ತವೆ. ನೀರಿನ ತಟ್ಟೆ ತುಂಬ ಗೋಲಿಯೋ ಕಲ್ಲೋ ಹಾಕಿ, ಕೊಕ್ಕು ಮಾತ್ರ ಅದ್ದುವಷ್ಟು ಸಂದು ಇರಲಿ. ಪೇಪರ್ ಹಾಸಬೇಡಿ, ಅದು ಜಾರುತ್ತದೆ. ಗೋಣಿ ಒಳ್ಳೆಯದು. ಬಿಸಿ ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸಿ. ಏಪ್ರಿಲ್ ಮಧ್ಯಾಹ್ನ ಬಲ್ಬ್ ಆರಿಸಿದರೂ ನಡೆಯುತ್ತದೆ. ಬಲ್ಬಿನ ಅಡಿಗೆ ಮುದ್ದೆಯಾದರೆ ಚಳಿ, ಮೂಲೆಗೆ ಓಡಿ ಬಾಯಿ ಬಿಟ್ಟರೆ ಸೆಕೆ.

ತಿನ್ನಲು ಬ್ರಾಯ್ಲರ್ ಪ್ರೀ ಸ್ಟಾರ್ಟರ್ ಪುಡಿ, ಅಂದರೆ ಮಾಂಸದ ಕೋಳಿಯ ಎಳೆ ಮರಿಗಳಿಗೆ ಹಾಕುವ ಆಹಾರ. ಕೋಳಿಮರಿಗಿಂತ ಇವಕ್ಕೆ ಪ್ರೊಟೀನ್ ಜಾಸ್ತಿ ಬೇಕು, ಶೇ. 24ರ ಮೇಲೆ. ಹಾಗಾಗಿ ಬೇಯಿಸಿದ ಮೊಟ್ಟೆ ನುಣ್ಣಗೆ ಪುಡಿ ಮಾಡಿ ಸೇರಿಸಿ. ತೋಟದಲ್ಲಿ ಒರಲೆ ಹಿಡಿದ ತೆಂಗಿನ ಮಡಲು ಇದ್ದರೆ ತಂದು ಒಂದು ಸಲ ಕುಟ್ಟಿ, ಮರಿಗಳು ಹೇಗೆ ಮುತ್ತಿಕೊಳ್ಳುತ್ತವೆ ನೋಡಿ. ಬರೀ ಕುಚ್ಚಿಲಕ್ಕಿ ನುಚ್ಚು ಹಾಕಿ ಬೆಳೆಸಲು ಹೋಗಬೇಡಿ.

ಗಂಡು ಹೆಣ್ಣು ಗೊತ್ತಾಗುವುದು ಯಾವಾಗ?

ಎರಡು ಮೂರು ತಿಂಗಳಿಗೆ, ಕೂಗಿನಿಂದ. ಎರಡು ತುಂಡಾಗಿ, ಎರಡನೆಯದು ಮೇಲಕ್ಕೆ ಏರುವ ಹಾಗೆ ಕೂಗಿದರೆ ಹೆಣ್ಣು. ಗಂಡು ಒಂದೇ ತುಂಡು ಕೂಗುತ್ತದೆ. ಹೆಣ್ಣೂ ಒಮ್ಮೊಮ್ಮೆ ಹಾಗೆ ಕೂಗುವುದರಿಂದ ಸ್ವಲ್ಪ ಹೊತ್ತು ಕೇಳಿ ತೀರ್ಮಾನಿಸಿ.

ಹಾವು ಬರುವುದಿಲ್ಲ ಅನ್ನುತ್ತಾರಲ್ಲ, ನಿಜವಾ?

ಹಾವು ಕಂಡರೆ ಸುತ್ತುವರಿದು ಊರಿಗೇ ಕೇಳುವ ಹಾಗೆ ಕಿರುಚುತ್ತವೆ, ಅದು ನಿಜ. ಹಾವು ಬರುವುದೇ ಇಲ್ಲ ಅನ್ನುವುದು ಜಾಸ್ತಿಯಾಯಿತು. ನೆನಪಿಡಿ, ಅವು ಹಾವಿಗೆ ಮಾತ್ರ ಕಿರುಚುವುದಲ್ಲ. ಪೋಸ್ಟ್‌ಮ್ಯಾನ್, ಬಿದ್ದ ಮಡಲು, ನಿಮ್ಮ ಹೊಸ ಅಂಗಿ, ಎಲ್ಲದಕ್ಕೂ ಒಂದೇ ಗಲಾಟೆ. ಪಕ್ಕದ ಮನೆ ಹತ್ತಿರ ಇದ್ದರೆ ಮೊಟ್ಟೆ ಇಡುವ ಮೊದಲೇ ಅವರ ಹತ್ತಿರ ಒಂದು ಮಾತು ಹೇಳಿ.

ಹೊರಗೆ ಬಿಡುವುದು ಯಾವಾಗ?

ಪುಕ್ಕ ಪೂರಾ ಬಂದ ಮೇಲೆ, ಕಡಿಮೆ ಅಂದರೂ ಎಂಟು ವಾರ ಕಳೆದು. ಅಷ್ಟರವರೆಗೆ ಗೂಡು ಎಲ್ಲಿ ಅಂತ ಅವಕ್ಕೆ ಗಟ್ಟಿಯಾಗಬೇಕು. ಒಟ್ಟಿಗೆ ಎಲ್ಲವನ್ನೂ ಬಿಡಬೇಡಿ. ಸಂಜೆಗೆ ಒಂದು ಗಂಟೆ ಮೊದಲು, ಹಸಿದಿರುವಾಗ, ಎರಡನ್ನು ಮಾತ್ರ ಬಿಡಿ. ಉಳಿದವು ಒಳಗಿನಿಂದ ಕೂಗುತ್ತವೆ, ಇವು ದೂರ ಹೋಗುವುದಿಲ್ಲ. ಕತ್ತಲಾಗುವ ಮೊದಲು ಗೂಡಿನಲ್ಲಿ ತಿಂಡಿ ಹಾಕಿ ಕರೆದು ಮುಚ್ಚಿ. ಒಮ್ಮೆ ಮರದ ಮೇಲೆ ಮಲಗುವ ಚಾಳಿ ಹಿಡಿದರೆ ಇಳಿಸುವುದು ಕಷ್ಟ, ರಾತ್ರಿ ಕಬ್ಬೆಕ್ಕಿಗೆ ಆಗ ಕೆಲಸ ಸುಲಭ.